ಕಾಣದ ನಲವತ್ತು ಅಕ್ಷರ

ಮೂರನೇ ಸಲವೂ ಪರದೆ ಕಪ್ಪಾಗಿಯೇ ಉಳಿಯಿತು.

ಭುಜಂಗಣ್ಣ ಸ್ವಿಚ್ ಆರಿಸಿದರು. ಕನ್ನಡಕವನ್ನು ಹಣೆಗೇರಿಸಿ, ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು.

"ಎಂತದೋ ತಪ್ಪಿದೆ ಮಾರಾಯ್ತಿ. ಟಿವಿ ಸರಿ ಉಂಟು, ಕಂಪ್ಯೂಟರೂ ಸರಿ ಉಂಟು. ನಮ್ಮ ಕಾರ್ಡ್ ಸಿಕ್ಕಿಸಿದ ಕೂಡಲೇ ಎರಡೂ ಬಾಯಿ ಮುಚ್ಚಿಕೊಂಡು ಕೂತುಕೊಳ್ತವೆ."

"ಗಂಟೆ ಮೂರು ಭುಜಂಗಣ್ಣ. ನಾಲ್ಕಕ್ಕೆ ಅವ್ರು ಬರ್ತಾರೆ," ಅಂದಳು ಶರಣ್ಯಾ.

"ಬರಲಿ. ಬಂದು ಕಪ್ಪು ಟಿವಿ ನೋಡಿ ಹೋಗಲಿ."

ಮರಾಠಿ ಊರಾದ ನಿಗಡಿಯ ಒಂದು ಕನ್ನಡ ಹೋಟೆಲಿನ ಮೇಲಿನ ಕೋಣೆಯಲ್ಲಿ ಇಬ್ಬರೇ ಇದ್ದರು. ಕೆಳಗೆ ಊಟದ ಗದ್ದಲ ಮುಗಿದು, ನಾಳೆಯ ಇಡ್ಲಿಗೆ ಗ್ರೈಂಡರ್ ತಿರುಗುತ್ತಿದ್ದ ಸದ್ದು ನೆಲದ ಮೂಲಕ ಕಾಲಿಗೆ ತಾಗುತ್ತಿತ್ತು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕುಳಿತಿತ್ತು 'ಸಾರಿಕಾ'. ಕೀಲಿಮಣೆಯೂ ಮೆದುಳೂ ಒಂದೇ ಡಬ್ಬಿಯಲ್ಲಿರುವ, ಮನೆಯ ಟಿವಿಗೆ ಜೋಡಿಸುವ ಹಳೆಯ ಕಂಪ್ಯೂಟರ್. ಭೋಸರಿಯ ಒಂದು ಸಣ್ಣ ಕಾರ್ಖಾನೆ ಅಂಥ ನಾನೂರು ಯಂತ್ರಗಳನ್ನು ಮಾಡಿ ಮಾರಿತ್ತು. ಮೂವತ್ತೈದು ವರ್ಷಗಳ ಹಿಂದೆ ಅದೇ ಕಾರ್ಖಾನೆಗೆ ಬೆಂಕಿ ಬಿದ್ದು, ಸಾರಿಕಾವನ್ನು ರೂಪಿಸಿದ ಎಂಜಿನಿಯರ್ ದುರ್ಗಾ ಸುಟ್ಟುಹೋದಳು. ಬೆಂಕಿಯಿಟ್ಟವನೆಂದು ಪಾಲುದಾರ ಮರಿಸ್ವಾಮಿ ಏಳು ವರ್ಷ ಜೈಲಿನಲ್ಲಿದ್ದ.

ಆ ಮರಿಸ್ವಾಮಿಗೆ ಈಗ ಎಪ್ಪತ್ತೆರಡು. ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. "ಬೆಂಕಿ ಹಚ್ಚಿದ್ದು ಯಾರು ಅಂತ ಅಪ್ಪ ಕಿವಿಯಾರೆ ಕೇಳ್ಬೇಕು ಮೇಡಮ್, ಅವ್ರು ಹೋಗೋದ್ರೊಳಗೆ ಹುಡುಕಿ ಕೊಡಿ," ಎಂದು ಅವರ ಮಗಳು ಶಿವಾನಿ ವಿಮಾನ ನಗರದ ಶರಣ್ಯಾಳ ಪತ್ತೇದಾರಿ ಕಚೇರಿಗೆ ಬಂದು ಕುಳಿತು ಇವತ್ತಿಗೆ ಆರು ವಾರ.

ದುರ್ಗಾ ಬಾಡಿಗೆಗಿದ್ದ ಈ ಕೋಣೆಯ ಅಟ್ಟದಲ್ಲಿ ಅವಳದೇ ಸಾರಿಕಾ ಸಿಕ್ಕಿತ್ತು. ಪಕ್ಕದ ಕಾಗದದ ರಾಶಿಯೊಳಗೆ ಒಂದೇ ಒಂದು ಫ್ಲಾಪಿ. ಇಂದಿನ ಯಾವ ಯಂತ್ರವೂ ಅದನ್ನು ಓದಲಿಲ್ಲ, ಸಾರಿಕಾ ಓದಿತು. ಆದರೆ ಪರದೆಯ ಮೇಲೆ ಮೂಡಿದ್ದು ಇಪ್ಪತ್ತು ಸಾಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಕೊನೆಯಲ್ಲಿ ಮಾತ್ರ ಸಹಿಯ ಹಾಗೆ ಬೇರೆಯಾಗಿ ನಿಂತ ಮೂರು ಅಕ್ಷರ: ಡಿ, ಆರ್, ಎ.

ಡಿ.ಆರ್.ಎ. ಎಂಬ ಮನುಷ್ಯನನ್ನು ಶರಣ್ಯಾ ಎರಡು ವಾರ ಹುಡುಕಿದಳು. ದೇಹೂ ರೋಡಿನಲ್ಲಿ ಡಿ. ಆರ್. ಆಪ್ಟೆ ಎಂಬ ನಿವೃತ್ತ ಸ್ಟೋರ್‌ಕೀಪರನನ್ನು ಹಿಡಿದು ಎರಡು ಗಂಟೆ ಪ್ರಶ್ನೆ ಕೇಳಿ, ಆತ ಭೋಸರಿಯ ಮುಖವನ್ನೇ ನೋಡಿದವನಲ್ಲ ಎಂದು ತಿಳಿದಾಗ ಕ್ಷಮೆ ಕೇಳಿ ಬಂದಿದ್ದಳು.

ಹೊಳೆದದ್ದು ಒಂಬತ್ತು ದಿನಗಳ ಹಿಂದೆ, ಕೇಸಿನ ಫೈಲಿನ ಮೇಲೆ ತಾನೇ ಬರೆದ ಹೆಸರನ್ನು ನೋಡುತ್ತಾ ಕುಳಿತಿದ್ದಾಗ. ಡಿ, ಯು, ಆರ್, ಜಿ, ಎ. ನಡುವಿನ ಯು ಮತ್ತು ಜಿ ಕಿತ್ತರೆ ಉಳಿಯುವುದು ಡಿ, ಆರ್, ಎ.

ಅದು ಬೇರೆ ಯಾರ ಸಹಿಯೂ ಅಲ್ಲ. ದುರ್ಗಾಳದೇ. ಒಂದು ಬಿಟ್ಟು ಒಂದು ಅಕ್ಷರ ಮಾತ್ರ ಕಾಣುತ್ತಿತ್ತು.

ಉಳಿದದ್ದನ್ನು ವಿವರಿಸಿದವರು ಭುಜಂಗಣ್ಣ. ನಲವತ್ತು ವರ್ಷ ಟಿವಿ ರಿಪೇರಿ ಮಾಡಿದ ಕೈ ಅವರದು. ಸಾರಿಕಾ ಒಂದು ಸಾಲಿಗೆ ನಲವತ್ತು ಅಕ್ಷರವಷ್ಟೇ ತೋರಿಸಬಲ್ಲದು. ಅದನ್ನು ಎಂಬತ್ತಕ್ಕೆ ಏರಿಸಲು ದುರ್ಗಾ ಒಂದು ಕಾರ್ಡ್ ಮಾಡಿದ್ದಾಳೆ. ಆಗ ಸಾಲಿನ ಮೊದಲ ಅಕ್ಷರ ಯಂತ್ರದ ನೆನಪಿನಿಂದ ಬರುತ್ತದೆ, ಎರಡನೆಯದು ಕಾರ್ಡಿನ ನೆನಪಿನಿಂದ, ಮೂರನೆಯದು ಮತ್ತೆ ಯಂತ್ರದಿಂದ. ಮಲ್ಲಿಗೆ ಒಂದು, ಕನಕಾಂಬರ ಒಂದು ಇಟ್ಟು ಮಾಲೆ ಕಟ್ಟಿದ ಹಾಗೆ. ಕಾರ್ಡ್ ಇಲ್ಲದಿದ್ದರೆ ಬರೀ ಮಲ್ಲಿಗೆ ಉಳಿಯುತ್ತದೆ.

ಕಾರ್ಡ್ ಇರಲಿಲ್ಲ. ಅದು ಕುಳಿತಿದ್ದ ಜಾಗದಲ್ಲಿ ಮಾತ್ರ ಧೂಳು ಇರಲಿಲ್ಲ. ಸುತ್ತ ಮೂರು ದಶಕದ ಧೂಳು, ನಡುವೆ ಉದ್ದನೆಯ ಸ್ವಚ್ಛ ಪಟ್ಟಿ. ಯಾರೋ ಇತ್ತೀಚೆಗಷ್ಟೇ ಕಿತ್ತುಕೊಂಡು ಹೋಗಿದ್ದರು.

ಕಿತ್ತವರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಡಬ್ಬಿಯ ಮುಚ್ಚಳದ ಒಳಮೈಗೆ ದುರ್ಗಾ ತನ್ನ ಕಾರ್ಡಿನ ನಕ್ಷೆಯನ್ನು ಅಂಟಿಸಿಟ್ಟಿದ್ದಳು. ಪೆನ್ಸಿಲಿನಲ್ಲಿ, ಇದೇ ಹೋಟೆಲಿನ ಹಳೆಯ ತಿಂಡಿಪಟ್ಟಿಯ ಬೆನ್ನ ಮೇಲೆ.

ಆ ನಕ್ಷೆಯನ್ನು ಹಿಡಿದು, ತಪ್ಕೀರ್ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನು ಜಾಲಾಡಿ ಹಳೆಯ ಚಿಪ್‌ಗಳನ್ನು ತಂದು, ಭುಜಂಗಣ್ಣ ಒಂಬತ್ತು ದಿನ ಬೆಸುಗೆ ಹಾಕಿದ್ದರು. ಅದರ ಫಲ ಈ ಕಪ್ಪು ಪರದೆ.

ಶರಣ್ಯಾ ನಕ್ಷೆಯನ್ನು ಕಿಟಕಿಯ ಹತ್ತಿರ ಒಯ್ದಳು. ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದಳು.

"ಇಲ್ಲಿ ಎರಡು ಗೆರೆ ಕ್ರಾಸ್ ಆಗುತ್ತಲ್ಲ, ಇಲ್ಲೇನು?"

"ಅಲ್ಲಿ ಜೋಡಣೆ ಇಲ್ಲ. ಒಂದರ ಮೇಲೊಂದು ದಾಟಿ ಹೋಗ್ತವೆ ಅಷ್ಟೆ. ಜೋಡಿಸಬೇಕಾದಲ್ಲಿ ಚುಕ್ಕೆ ಇಟ್ಟಿದ್ದಾಳೆ."

"ಇಲ್ಲೂ ಒಂದು ಚುಕ್ಕೆ ಇದೆ."

"ಅದು ಚಹದ ಹನಿ. ನೋಡು, ಸುತ್ತಮುತ್ತ ಎಷ್ಟು ಬಿದ್ದಿದೆ."

ನಿಜ, ಕಾಗದದ ಆ ಮೂಲೆಯ ತುಂಬ ಕಂದು ಕಲೆಗಳಿದ್ದವು. ಶರಣ್ಯಾ ಕಾಗದವನ್ನು ಬಿಸಿಲಿಗೆ ಓರೆಯಾಗಿ ಹಿಡಿದಳು. ಕಲೆಗಳೆಲ್ಲ ಮಂಕಾಗಿಯೇ ಇದ್ದವು. ಒಂದು ಮಾತ್ರ ಪೆನ್ಸಿಲಿನ ಸೀಸದ ಹಾಗೆ ಮಿನುಗಿತು.

ಅವಳು ಬೆರಳನ್ನು ಅಲ್ಲೇ ಊರಿದಳು.

"ಭುಜಂಗಣ್ಣ, ಚಹಾ ಹೊಳೆಯುತ್ತಾ?"

ಅವರು ಎದ್ದು ಬಂದು, ಕನ್ನಡಕ ಇಳಿಸಿ, ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ ಹೋಗಿ ಬೆಸುಗೆ ಕಡ್ಡಿಯನ್ನು ಕಾಯಲಿಟ್ಟರು.

ಬೆರಳುದ್ದದ ಒಂದು ತಂತಿ, ಎರಡು ಕಡೆ ಬೆಸುಗೆ. ನಾಲ್ಕು ನಿಮಿಷದ ಕೆಲಸ. ಕಾರ್ಡನ್ನು ಮತ್ತೆ ಸ್ಲಾಟಿಗೆ ಒತ್ತಿ ಅವರು ಹಿಂದೆ ಸರಿದರು.

"ಹಾಕು ಸ್ವಿಚ್ಚು. ನನ್ನ ಕೈಯಲ್ಲಿ ಆಗುವುದಿಲ್ಲ."

ಶರಣ್ಯಾ ಹಾಕಿದಳು. ಪರದೆ ಒಮ್ಮೆ ಬೆಳ್ಳಗಾಗಿ, ಉರುಳಿ, ನಿಂತಿತು. ಎಡ ಮೂಲೆಯಲ್ಲಿ ಪುಟ್ಟ ಚೌಕವೊಂದು ಮಿಟುಕತೊಡಗಿತು. ಮುಂಚೆ ಇದ್ದುದರ ಅರ್ಧ ಅಗಲದ ಚೌಕ.

ಅವಳು ಒಂದೇ ಕೀಲಿಯನ್ನು ಒತ್ತುತ್ತಾ ಎಣಿಸಿದಳು. ಹತ್ತು, ಇಪ್ಪತ್ತು, ಮೂವತ್ತು. ಮೂವತ್ತೊಂಬತ್ತು. ನಲವತ್ತು. ಇಲ್ಲಿಯವರೆಗೆ ಪ್ರತಿ ಸಲವೂ ಸಾಲು ಮುರಿದು ಕೆಳಗೆ ಬೀಳುತ್ತಿದ್ದದ್ದು ಇದೇ ಜಾಗದಲ್ಲಿ.

ನಲವತ್ತೊಂದನೆಯ ಅಕ್ಷರ ಅದೇ ಸಾಲಿನಲ್ಲಿ ಪರದೆಯ ನಡುಮಧ್ಯೆ ಮೂಡಿತು. ಬಲಕ್ಕೆ ಇನ್ನೂ ಅರ್ಧ ಪರದೆ ಖಾಲಿಯಿತ್ತು.

ಭುಜಂಗಣ್ಣ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಕಣ್ಣು ಒದ್ದೆಯಾಗಿತ್ತು. "ಎಂಥಾ ತಲೆ ಆ ಹೆಣ್ಣಿನದು," ಎಂದು ಎರಡು ಸಲ ಹೇಳಿದರು.

ಸಂಭ್ರಮ ಬಹಳ ಹೊತ್ತು ಉಳಿಯಲಿಲ್ಲ. ಅಕ್ಷರಗಳು ಮೂಡಿದವು ನಿಜ, ಆದರೆ ಒಂದಕ್ಕೊಂದು ಅಂಟಿಕೊಂಡು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಯಾವುದು ಇ, ಯಾವುದು ಎಫ್ ಎಂದು ಹೇಳುವಂತಿರಲಿಲ್ಲ.

"ಇದು ಆಂಟೆನಾ ಟಿವಿ. ಇಷ್ಟು ಸಣ್ಣ ಅಕ್ಷರ ಬಿಡಿಸಿ ತೋರಿಸಲಿಕ್ಕೆ ಇದರ ಕೈಲಾಗುವುದಿಲ್ಲ," ಅಂದರು ಭುಜಂಗಣ್ಣ. "ಕಪ್ಪು ಬಿಳುಪಿನ ಮಾನಿಟರ್ ಬೇಕು. ಹಳೇ ಕ್ಯಾಮೆರಾಗಳಿಗೆ ಕೊಡ್ತಿದ್ದರಲ್ಲ, ಅಂಥದ್ದು."

ಶರಣ್ಯಾ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಗಲ್ಲಾದ ಹಿಂದೆ ಹೋಟೆಲಿನ ಒಡತಿ ಲೀಲಾಕ್ಷಿ ಕರಿಬೇವು ಬಿಡಿಸುತ್ತಿದ್ದರು. ಐವತ್ತಮೂರು ವರ್ಷದ ಗಟ್ಟಿ ಹೆಂಗಸು. ತಂದೆ ಕುಂದಾಪುರದಿಂದ ಬಂದು ಹಾಕಿದ ಹೋಟೆಲನ್ನು ಮೂವತ್ತು ವರ್ಷದಿಂದ ಒಬ್ಬರೇ ನಡೆಸಿಕೊಂಡು ಬಂದವರು.

"ಲೀಲಕ್ಕಾ, ಹಳೇ ಸಿಸಿಟಿವಿ ಮಾನಿಟರ್ ಏನಾದ್ರೂ ಇದ್ಯಾ?"

"ಉಂಟಲ್ಲ. ಅಕ್ಕಿ ಡಬ್ಬಿ ಹಿಂದೆ. ಎಂತಕ್ಕೆ?"

"ದುರ್ಗಾ ಪತ್ರ ಓದೋಕೆ."

ಲೀಲಾಕ್ಷಿ ಕರಿಬೇವಿನ ಕಂತೆಯನ್ನು ಅಲ್ಲೇ ಬಿಟ್ಟು ಎದ್ದರು. ಮಾನಿಟರನ್ನು ತಾವೇ ಎತ್ತಿಕೊಂಡರು. "ನಾನು ತರ್ತೇನೆ, ನೀವು ಬಾಗಿಲು ಹಿಡೀರಿ. ನನಗೆ ಲೆಕ್ಕ ಹೇಳಿಕೊಟ್ಟವಳು ಅವಳು."

ಅಂಗೈಯಗಲದ ಪರದೆಯ ಆ ಪೆಟ್ಟಿಗೆಗೆ ತಂತಿ ಸಿಕ್ಕಿಸಿದಾಗ ಅಕ್ಷರಗಳು ಸೂಜಿಮೊನೆಯಲ್ಲಿ ಬರೆದ ಹಾಗೆ ನಿಂತವು. ಶರಣ್ಯಾ ಎಂಬತ್ತನ್ನೂ ಎಣಿಸಿದಳು. ಒಂದೂ ತಪ್ಪಿರಲಿಲ್ಲ.

ಆಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ನಾಲ್ಕಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು.

"ನಮಸ್ಕಾರ್ರಿ. ಒಳಗ ಬರಬಹುದಲ್ರಿ?"

ಬಾಗಿಲಲ್ಲಿ ನಿಂತಿದ್ದವರು ಮಾಂತೇಶ ಅಂಗಡಿ. ಎಲ್ಲರ ಬಾಯಲ್ಲಿ ಮಾಂತು. ಬೆಳಗಾವಿಯಿಂದ ಬಂದು ಮರಿಸ್ವಾಮಿಯ ಜೊತೆ ಆ ಕಾರ್ಖಾನೆ ಕಟ್ಟಿದ ಇನ್ನೊಬ್ಬ ಪಾಲುದಾರ. ಮರಿಸ್ವಾಮಿ ಬೆಂಕಿ ಹಚ್ಚಿದ್ದನ್ನು ಕಣ್ಣಾರೆ ಕಂಡೆ ಎಂದು ಕೋರ್ಟಿನಲ್ಲಿ ಹೇಳಿದ್ದ ಏಕೈಕ ಸಾಕ್ಷಿ. 'ಪತ್ರ ಓದ್ತಾ ಇದೀವಿ, ನೀವೂ ಬನ್ನಿ' ಎಂದು ಮಧ್ಯಾಹ್ನ ಶರಣ್ಯಾಳೇ ಫೋನ್ ಮಾಡಿದ್ದಳು. ತಪ್ಪಿಸಿಕೊಳ್ಳುತ್ತಾರೋ, ಓಡಿಬರುತ್ತಾರೋ ನೋಡಬೇಕಿತ್ತು.

ಓಡಿಯೇ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು.

"ಬನ್ನಿ ಸರ್, ಕೂತ್ಕೊಳ್ಳಿ. ಕರೆಕ್ಟ್ ಟೈಮಿಗೆ ಬಂದ್ರಿ."

ಮಾಂತು ಕೂರಲಿಲ್ಲ. ಮಿಟುಕುವ ಚೌಕವನ್ನು ನೋಡಿದರು, ಅದರ ಮೇಲೆ ತುಂಬಿದ್ದ ಎಂಬತ್ತು ಅಕ್ಷರಗಳ ಸಾಲನ್ನು ನೋಡಿದರು. ಮುಖದ ಬಣ್ಣ ಇಳಿಯಿತು. ಸಾರಿಕಾದ ಬಿಚ್ಚಿದ ಹೊಟ್ಟೆಯೊಳಗೆ ಬಗ್ಗಿದರು.

"ಇದು ಗಿಡ್ಡ ಅದ ಅಲ್ರಿ," ಅಂದರು ತಮಗೆ ತಾವೇ ಎಂಬಂತೆ. "ಅದು ಇಷ್ಟುದ್ದ ಇತ್ತು."

ಎರಡೂ ಕೈಗಳನ್ನು ಒಂದು ಗೇಣು ದೂರ ಹಿಡಿದಿದ್ದರು.

"ಯಾವ್ದು ಸರ್?" ಶರಣ್ಯಾ ಮೆಲ್ಲಗೆ ಕೇಳಿದಳು.

ಕೈಗಳು ಗಾಳಿಯಲ್ಲೇ ನಿಂತವು.

"ಹೋದ ವಾರ ನಿಮ್ಮನೆಗೆ ಬಂದಾಗ ಏನಂದ್ರಿ? ದುರ್ಗಾ ಕಾರ್ಡ್ ಮಾಡ್ಬೇಕು ಅಂತಿದ್ಲು, ಮಾಡೋಕೆ ಮುಂಚೆ ಹೋಗ್ಬಿಟ್ಲು, ನಾನಂತೂ ನೋಡೇ ಇಲ್ಲ ಅಂದ್ರಿ. ಈಗ ಅಳತೆ ಹೇಳ್ತಿದೀರ."

"ಅಂದಾಜಲೆ ಹೇಳಿದೆ."

"ಅಂದಾಜಲ್ಲ." ಇದು ಬಾಗಿಲ ಬಳಿಯಿಂದ ಬಂದ ಲೀಲಾಕ್ಷಿಯ ದನಿ. "ಹೋದ ತಿಂಗಳು ಬಂದಿದ್ರಿ ನೀವು. ಮೊಮ್ಮಗಳ ನಾಮಕರಣಕ್ಕೆ ಹಾಲ್ ನೋಡಬೇಕು ಅಂದ್ರಿ. ದುರ್ಗಾಳ ರೂಮ್ ಒಮ್ಮೆ ನೋಡಿ ಬರ್ತೇನೆ ಅಂತ ಬೀಗದ ಕೈ ಕೇಳಿದ್ರಿ. ಹಳೇ ಸ್ನೇಹ ಅಂತ ನಾನೇ ಕೊಟ್ಟೆ. ಅರ್ಧ ಗಂಟೆ ಇದ್ರಿ ಮೇಲೆ."

ಮಾಂತು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಿಧಾನವಾಗಿ ಕೈ ಇಳಿಸಿದರು.

"ಕಾರ್ಡ್ ನಾನ ತೊಗೊಂಡೇನ್ರಿ," ಅಂದರು. "ಖರೇ ಹೇಳತೇನಿ, ಮುಚ್ಚಿಡೂದಿಲ್ಲ. ಆದ್ರ ಬೆಂಕಿ ನಾ ಹಚ್ಚಿಲ್ಲ."

"ಮತ್ಯಾಕೆ ತಗೊಂಡ್ರಿ?"

"ಆ ಪತ್ರ ಯಾರೂ ಓದಬಾರದು ಅಂತ. ಫ್ಲಾಪಿ ಹುಡುಕಿದೆ, ಕೈಗೆ ಸಿಗಲಿಲ್ರಿ. ಮರಿಸ್ವಾಮಿ ಮಗಳು ಹಳೇ ಕೇಸ್ ಮತ್ತ ತಗೀತಾಳ ಅಂತ ಕಿವಿಗೆ ಬಿತ್ತು. ಓದಬ್ಯಾಡ್ರಿ ಮೇಡಮ್. ಕೈ ಮುಗೀತೇನಿ. ಜೀವಂತ ಇದ್ದವರಿಗೆ ಭಾಳ ತ್ರಾಸ ಆಗ್ತದ."

"ಜೀವಂತ ಇರೋರು ಅಂದ್ರೆ ನೀವಾ?"

"ನನ್ನ ಸಲುವಾಗಿ ಅಲ್ರಿ."

ಸಿಕ್ಕಿಬಿದ್ದವರೆಲ್ಲ ಹೇಳುವ ಮಾತು ಎಂದುಕೊಂಡಳು ಶರಣ್ಯಾ. ಫ್ಲಾಪಿಯನ್ನು ಲಕೋಟೆಯಿಂದ ತೆಗೆದಳು. ಅದರ ಅಂಚಿನಲ್ಲಿ ಬೂಷ್ಟು ಹಿಡಿದ ಬಿಳಿ ಗುರುತಿತ್ತು.

"ಇನ್ನೊಂದೇ ಸಲ," ಎಂದು ಭುಜಂಗಣ್ಣ ಅವಳ ಕಿವಿಯ ಹತ್ತಿರ ಅಂದರು. "ಹೋದ ಸಲ ಓದಿಸಿದಾಗಲೇ ಒಳಗೆ ಪುಡಿ ಉದುರಿದೆ. ಈ ಸಲ ಆಗಲಿಲ್ಲ ಅಂದ್ರೆ ಮತ್ತೆ ಇಲ್ಲ."

ಅಷ್ಟು ಸಣ್ಣಗೆ ಹೇಳಿದರೂ ಮಾಂತುಗೆ ಕೇಳಿಸಿತು. ಅವರು ಚಟಕ್ಕನೆ ಗೋಡೆಯ ಕಡೆ ಸರಿದು ಪ್ಲಗ್ಗಿನ ಮೇಲೆ ಕೈಯಿಟ್ಟರು.

ಯಾರೂ ಅಲುಗಲಿಲ್ಲ. ಒಂದು ಎಳೆತ ಸಾಕಿತ್ತು. ಓದುತ್ತಿರುವಾಗ ಕರೆಂಟ್ ಹೋದರೆ ಉಳಿದಿದ್ದ ಆ ಒಂದು ಸಲವೂ ಕೈತಪ್ಪುತ್ತಿತ್ತು.

"ಮರಿಸ್ವಾಮಿ ಸರ್ ಆಸ್ಪತ್ರೆಲಿದಾರೆ," ಅಂದಳು ಶರಣ್ಯಾ. ದನಿ ಏರಿಸಲಿಲ್ಲ. "ನಿನ್ನೆ ಹೋಗಿದ್ದೆ. ಮಾತಾಡೋಕೆ ಕಷ್ಟ. ಆದ್ರೂ ನಿಮ್ಮ ಬಗ್ಗೆ ಕೇಳಿದ್ರು, ಮಾಂತು ಚೆನ್ನಾಗಿದಾನಾ ಅಂತ. ನಿಮ್ಮ ಸಾಕ್ಷಿ ಮೇಲೆ ಏಳು ವರ್ಷ ಒಳಗಿದ್ದೋರು. ಅವ್ರೂ ಜೀವಂತವಾಗೇ ಇದಾರೆ ಸರ್. ಅವರ ತ್ರಾಸ ಯಾರು ನೋಡ್ಬೇಕು?"

ಮಾಂತುವಿನ ಕೈ ಪ್ಲಗ್ಗಿನ ಮೇಲೆ ಇನ್ನೂ ಇತ್ತು. ಆಮೇಲೆ ಒಂದೊಂದೇ ಬೆರಳು ಬಿಟ್ಟಿತು. ಅವರು ಗೋಡೆಗೊರಗಿ ಹಾಗೆಯೇ ನೆಲಕ್ಕೆ ಕುಸಿದು ಕುಳಿತರು.

"ಹಾಕ್ರಿ," ಅಂದರು.

ಶರಣ್ಯಾ ಫ್ಲಾಪಿಯನ್ನು ಡ್ರೈವಿಗೆ ಸೇರಿಸಿ ಅದರ ಬಾಗಿಲು ಮುಚ್ಚಿದಳು. ಭುಜಂಗಣ್ಣ ಮೊಬೈಲ್ ಎತ್ತಿ ಪರದೆಯನ್ನು ಚಿತ್ರೀಕರಿಸತೊಡಗಿದರು. ಡ್ರೈವ್ ಕೆಮ್ಮಿ, ಕರಕರ ಎಂದು, ತಿರುಗಿತು.

ಮೊದಲು ಬಂದದ್ದು ಹಳೆಯ ಅರ್ಧ. ಈ ಸಲ ಅಕ್ಷರಗಳು ಒಂದಕ್ಕೊಂದು ಅಂಟಿರಲಿಲ್ಲ. ಪ್ರತಿ ಅಕ್ಷರದ ಪಕ್ಕದಲ್ಲೂ ಒಂದು ಖಾಲಿ ಜಾಗ, ಹಲ್ಲುದುರಿದ ಬಾಯಿಯಂತೆ.

ಡ್ರೈವ್ ನಿಂತಿತು. ಒಂದು, ಎರಡು, ಮೂರು ಕ್ಷಣ. ಮತ್ತೆ ಕರಕರ.

ಮೇಲಿನ ಸಾಲಿನಿಂದ ಖಾಲಿ ಜಾಗಗಳು ತುಂಬಿಕೊಳ್ಳತೊಡಗಿದವು. ಒಂದು ಸಾಲು. ಎರಡನೆಯದು. ಎಲ್ಲಿಯೂ ಅರ್ಥವಿಲ್ಲದೆ ಚೆಲ್ಲಿದ್ದ ಅಕ್ಷರಗಳು ಅವಳ ಕಣ್ಣೆದುರೇ ಮಾತುಗಳಾದವು. ಇಂಗ್ಲಿಷ್ ಲಿಪಿಯಲ್ಲಿ ಬರೆದ ಅಚ್ಚ ಕನ್ನಡ. ಕಟ್ಟಕಡೆಗೆ ತಳದಲ್ಲಿ ಯು ಮತ್ತು ಜಿ ತಮ್ಮ ಜಾಗಕ್ಕೆ ಬಂದು ಕೂತವು.

"ಬಂತು," ಅಂದರು ಭುಜಂಗಣ್ಣ. "ಪೂರ್ತಿ ಬಂತು."

ಶರಣ್ಯಾ ಪರದೆಯತ್ತ ಬಗ್ಗಿದಳು. ಜೋರಾಗಿ ಓದಲು ಶುರುಮಾಡಿದಳು.

"ಮಾಂತು, ನಾನು ಸತ್ತ ಸುದ್ದಿಯನ್ನು ಇವತ್ತಿನ ಪೇಪರಿನಲ್ಲಿ ಓದಿದೆ."

ಆ ಸಾಲನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ತಪ್ಪಾಗಿರಲಿಲ್ಲ. ಮುಂದುವರಿಸಿದಳು.

"ಹಿಂದಿನ ಮೆಟ್ಟಿಲಿಂದ ಕದ್ದು ನನ್ನ ರೂಮಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಹೋಟೆಲಿನವರು ನನಗಾಗಿ ಅಳುತ್ತಿದ್ದಾರೆ, ಇಲ್ಲಿಗೆ ಕೇಳಿಸುತ್ತದೆ. ಕೈಗಡಿಯಾರ ನೋಡಿ ಹೆಣ ನನ್ನದೆಂದು ಗುರುತಿಸಿದರಂತೆ. ಆ ಗಡಿಯಾರವನ್ನು ನಾನು ಅವಳಿಗೆ ಕೊಟ್ಟಿದ್ದೆ ಎಂದು ನಿನಗೆ ಗೊತ್ತಿತ್ತು. ಆದರೂ ನೀನು ಸುಮ್ಮನಿದ್ದೆ. ಹಾಗೆಯೇ ಸುಮ್ಮನಿರು. ಬೆಂಕಿ ಹಚ್ಚಿದವರು ಬಂದದ್ದು ನನಗಾಗಿ. ನಾನು ಬದುಕಿದ್ದೇನೆಂದು ತಿಳಿದರೆ ಮತ್ತೆ ಬರುತ್ತಾರೆ."

ಗ್ರೈಂಡರ್ ನಿಂತುಹೋಗಿತ್ತು.

ಮುಂದಿನ ಸಾಲಿನ ಮೇಲೆ ಕಣ್ಣಾಡಿಸಿದ ಶರಣ್ಯಾ ಬಾಯಿ ಮುಚ್ಚಿದಳು.

"ಯಾಕೆ ನಿಲ್ಲಿಸಿದ್ರಿ?" ಲೀಲಾಕ್ಷಿ ಕೇಳಿದರು. "ಓದಿ."

"ಲೀಲಕ್ಕಾ, ನೀವು ಸ್ವಲ್ಪ ಕೆಳಗೆ—"

"ಓದಿ ಅಂದೆ."

ಶರಣ್ಯಾ ಪಕ್ಕಕ್ಕೆ ಸರಿದಳು. ಲೀಲಾಕ್ಷಿ ಕೊರಳಲ್ಲಿ ನೇತಾಡುತ್ತಿದ್ದ ಕನ್ನಡಕವನ್ನು ಏರಿಸಿಕೊಂಡು ಪರದೆಯ ಮುಂದೆ ಬಂದರು. ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, ತಾವೇ ಓದಿದರು.

"ಲೀಲಾಗೆ ಮಾತ್ರ ಹೇಳಬೇಡ. ಅವಳ ಅಕ್ಕ ಯಾರ ಜೊತೆಗೋ ಮುಂಬಯಿಗೆ ಓಡಿಹೋದಳೆಂದು ಮನೆಯಲ್ಲಿ ಅಂದುಕೊಂಡಿದ್ದಾರೆ. ಹಾಗೆಯೇ ಅಂದುಕೊಳ್ಳಲಿ."

ಅವರ ಬೆರಳು ಗಾಜಿನ ಮೇಲೆಯೇ ಇತ್ತು. ಭುಜಂಗಣ್ಣ ಮೊಬೈಲ್ ಕೆಳಗಿಳಿಸಿದರು.

"ಅಪ್ಪ ಅವಳ ಹೆಸರು ಎತ್ತಲಿಕ್ಕೆ ಬಿಡಲಿಲ್ಲ," ಅಂದರು ಲೀಲಾಕ್ಷಿ, ಯಾರ ಕಡೆಗೂ ನೋಡದೆ. "ಸಾಯುವವರೆಗೂ ಬಿಡಲಿಲ್ಲ. ನಾನೂ ಅವಳಿಗೆ ಶಾಪ ಹಾಕಿದ್ದೇನೆ."

ತಿರುಗಿ ನಡೆದು ಬಾಗಿಲು ಮುಚ್ಚಿದರು. ಒಳಗಿನಿಂದ ಚಿಲಕ ಹಾಕಿದರು. ಆಮೇಲೆ ಮಾಂತುವಿನ ಎದುರು ನೆಲದ ಮೇಲೆಯೇ ಕುಳಿತರು.

"ಈಗ ಹೇಳಿ. ನನ್ನ ಅಕ್ಕ ಆ ಕಾರ್ಖಾನೆಗೆ ಯಾಕೆ ಹೋದಳು? ಬೆಂಕಿ ಹಾಕಿದ್ದು ಯಾರು?"

ಮಾಂತು ತಲೆಯೆತ್ತಿದರು. ಮೂವತ್ತೈದು ವರ್ಷ ಹೊತ್ತದ್ದನ್ನು ಇಳಿಸಲು ಜಾಗ ಹುಡುಕುತ್ತಿರುವವರ ಹಾಗೆ ಮೂವರನ್ನೂ ನೋಡಿದರು. ಕಿಸೆಯಿಂದ ಮೊಬೈಲ್ ತೆಗೆದರು.

"ಹೇಳತೇನ್ರಿ. ಎಲ್ಲಾ ಹೇಳತೇನಿ," ಅಂದರು. "ಆದ್ರ ಮೊದಲ ದುರ್ಗಾಗ ಒಂದು ಫೋನ್ ಮಾಡಿ ಕೇಳಬೇಕು."